ಪಾಚಿಯ ತಲೆಯೆಣಿಕೆ

ದೊಡ್ಡ ಬಸವನ ಪಾದದಡಿಯಲ್ಲಿ ಹುಟ್ಟಿತೆಂಬ ಪ್ರತೀತಿಯಿರುವ ವೃಷಭಾವತಿ, ಗಾಳಿ ಆಂಜನೇಯನ ಗುಡಿಯ ಮಗ್ಗುಲಿನಿಂದ ರಾಜರಾಜೇಶ್ವರಿನಗರದ ಕಡೆಗೆ ಹರಿದು, ಕೆಂಗೇರಿಯನ್ನು ದಾಟಿ ಬೈರಮಂಗಲದ ಕೆರೆಯನ್ನು ಸೇರುತ್ತದೆ. ಇಂದು ಅದನ್ನು ಹೊಳೆಯೆನ್ನಲು ನಾಲಗೆ ಏಳದು. ಸೇತುವೆಯ ಮೇಲೆ ಹೋಗುವವರು ಮೂಗಿಗೆ ಸೆರಗನ್ನೋ ಕರವಸ್ತ್ರವನ್ನೋ ಹಿಡಿಯುತ್ತಾರೆ. ಆದರೆ ಮೂಗು ಎಚ್ಚರಿಸುವುದು ನೀರು ಕೆಟ್ಟ ಮೇಲೆ. ಕೆಡುತ್ತಿರುವಾಗಲೇ ಸುಳಿವು ಕೊಡುವುದು ಬರಿಗಣ್ಣಿಗೆ ಕಾಣದ ಪಾಚಿ.

ಚರಂಡಿಯ ನೀರಿನೊಡನೆ ಬರುವ ಸಾರಜನಕ, ರಂಜಕಗಳು ಪಾಚಿಗೆ ಗೊಬ್ಬರ. ನಿಂತ ನೀರೂ ಬೇಸಗೆಯ ಬಿಸಿಲೂ ಕೂಡಿದರೆ ಕೆಲವೇ ದಿನಗಳಲ್ಲಿ ಕೆರೆಗೆ ಹಸುರು ಬಣ್ಣ ಬಳಿದಂತಾಗುತ್ತದೆ. ಹಗಲು ಪ್ರಾಣವಾಯುವನ್ನು ಬಿಡುವ ಪಾಚಿಯೇ ಇರುಳು ಅದನ್ನು ಹೀರುತ್ತದೆ. ಸತ್ತು ಕೊಳೆಯುವಾಗ ಇನ್ನಷ್ಟು ವ್ಯಯವಾಗುತ್ತದೆ. ಬೆಳಗಿನ ಜಾವದಲ್ಲಿ ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ಬಿಡುತ್ತವೆ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಪ್ರಾಣವಾಯುವಿನ ಕೊರತೆಯ ಮಾತೇ ಕೇಳಿಬಂದಿತು. ನೀಲಿಹಸುರು ಪಾಚಿಯೆನಿಸಿದ ‘ಮೈಕ್ರೊಸಿಸ್ಟಿಸ್’ ಅಂತೂ ಯಕೃತ್ತನ್ನು ಕೆಡಿಸುವ ವಿಷವನ್ನೇ ನೀರಿಗೆ ಬೆರೆಸಬಲ್ಲುದು.

ಇವನ್ನು ಎಣಿಸುವ ಹಳೆಯ ಕ್ರಮ ತಾಳ್ಮೆಯ ಪರೀಕ್ಷೆ. ನೀರಿಗೆ ಅಯೊಡಿನ್ ದ್ರಾವಣವನ್ನು ಹಾಕಿ, ಮನೆಗಳನ್ನು ಕೊರೆದ ಗಾಜಿನ ತಟ್ಟೆಗೆ ಒಂದು ಮಿಲಿಲೀಟರಿನಷ್ಟು ತುಂಬಿ, ಸೂಕ್ಷ್ಮದರ್ಶಕದಡಿ ಮನೆಮನೆಯಲ್ಲಿಯೂ ಕಂಡುದನ್ನು ಗುರುತಿಸಿ ಬರೆಯಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವ ಗೃಹಿಣಿಗೂ ಅಷ್ಟು ಸೈರಣೆ ಇದ್ದೀತೇ! ಪಾಚಿಯ ಕುಲಗೋತ್ರ ಬಲ್ಲವರು ವಿರಳ, ಕೆರೆಗಳೋ ಅನೇಕ. ವರದಿ ಕೈಸೇರುವ ವೇಳೆಗೆ ಮೀನು ತೇಲಿದ್ದರೆ ಆಶ್ಚರ್ಯವಿಲ್ಲ.

ಮೀರತ್‌ನಲ್ಲಿ ಹುಟ್ಟಿ, ಕಾನಪುರದ ಐ.ಐ.ಟಿ.ಯಲ್ಲಿ ಓದಿದ ಮನು ಪ್ರಕಾಶರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಾಗದ ಮಡಿಸಿ ರಚಿಸಿದ ‘ಫೋಲ್ಡ್‌ಸ್ಕೋಪ್’ 2014ರಲ್ಲಿ ಹೆಸರಾಯಿತು. ಅವರ ಪ್ರಯೋಗಶಾಲೆಯಲ್ಲಿಯೇ ತರುವಾಯ ರೂಪುಗೊಂಡದ್ದು ‘ಪ್ಲಾಂಕ್ಟೋಸ್ಕೋಪ್’. ಪುಟ್ಟ ಪಂಪು ನೀರನ್ನು ತೆಳುವಾದ ಗಾಜಿನ ಕೋಶದ ಮೂಲಕ ಎಳೆಯುತ್ತದೆ. ಒಂದು ಬದಿಯಿಂದ ದೀಪ, ಇನ್ನೊಂದು ಬದಿಗೆ ಕ್ಯಾಮೆರಾ. ಅಂಗೈಯಗಲದ ಗಣಕಯಂತ್ರ ಚಿತ್ರದೊಳಗಿನ ಒಂದೊಂದು ಜೀವಿಯನ್ನೂ ಬಿಡಿಸಿ ಇಡುತ್ತದೆ. ಯಂತ್ರದ ನಕಾಶೆ ಗುಟ್ಟಿನದಲ್ಲ. ಬಲ್ಲವರು ಯಾರೂ ಕಟ್ಟಿಕೊಳ್ಳಬಹುದು. ಇದೇ ಕೆಲಸಕ್ಕೆಂದು ಮಾರುವ ದೊಡ್ಡ ಯಂತ್ರಗಳ ಮುಂದೆ ಇದರ ಖರ್ಚು ಅತ್ಯಲ್ಪ.

ಹಾಗೆಂದು ಯಂತ್ರ ಸರ್ವಜ್ಞನಲ್ಲ. ಮಣ್ಣಿನ ಕಣವನ್ನು ಪಾಚಿಯೆಂದು ಭ್ರಮಿಸೀತು. ಯಾವುದು ಯಾವುದೆಂದು ಮೊದಲು ಅದಕ್ಕೆ ಕಲಿಸಬೇಕಾದವರು ಆ ವಿರಳ ಪಂಡಿತರೇ. ಮಲ್ಲತ್ತಹಳ್ಳಿಯಂಥ ಕೆರೆಯಿಂದ ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ಮೆಟ್ಟಿಲಿನ ಬಳಿ ಒಂದು ಸೀಸೆ ನೀರು ತುಂಬಿ ತರುವವರೂ ಬೇಕು. ವೃಷಭಾವತಿಯ ನೀರನ್ನಾದರೋ ಸೋಸದೆ ಬಿಟ್ಟರೆ ನಳಿಗೆ ಮೊದಲ ದಿನವೇ ಕಟ್ಟಿಕೊಂಡೀತು.