ಎಲ್ಲಾ ಜಾಲಿ ಬಳ್ಳಾರಿ ಜಾಲಿ ಅಲ್ಲ ಸ್ವಾಮಿ

ಯುಗಾದಿ ಕಳೆದು ಕೆರೆಗಳ ನೀರು ಇಳಿಯುತ್ತಿದ್ದಂತೆ ನಮ್ಮ ಭಾಗದಲ್ಲಿ ಒಂದು ಪದ ಓಡಾಡಲು ಶುರುವಾಗುತ್ತದೆ: ಜಂಗಲ್ ಕಟಿಂಗ್. ಕೆರೆ ಹೂಳೆತ್ತುವ ಕೆಲಸ ಇರಲಿ, ಕಾಲುವೆ ದುರಸ್ತಿ ಇರಲಿ, ರಸ್ತೆ ಬದಿ ಕಾಮಗಾರಿ ಇರಲಿ, ಅಂದಾಜು ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇದ್ದೇ ಇರುತ್ತದೆ. ಜೆಸಿಬಿ ಬರುತ್ತದೆ. ಮುಳ್ಳಿದ್ದದ್ದೆಲ್ಲ ಹೋಗುತ್ತದೆ. ಕೇಳಿದರೆ ಉತ್ತರ ರೆಡಿ: ಅದು ಬಳ್ಳಾರಿ ಜಾಲಿ ರೀ, ಫಾರಿನ್ ಗಿಡ, ಹೋದ್ರ ಹೋಗ್ಲಿ ಬಿಡ್ರಿ.

ಬಳ್ಳಾರಿ ಜಾಲಿ ಹೋಗಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದರ ಹೆಸರು ಹೇಳಿಕೊಂಡು ಕರಿಜಾಲಿ, ಬಿಳಿಜಾಲಿ, ಬನ್ನಿ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ಎತ್ತಿ ಹಾಕಿದರೆ ಸುಮ್ಮನಿರೋಕಾಗಲ್ಲ. ಮರಿಯಮ್ಮನಹಳ್ಳಿಯಿಂದ ಕಂಪ್ಲಿವರೆಗೆ ಯಾವ ಕುರಿಗಾಹಿಯನ್ನು ಬೇಕಾದರೂ ಕೇಳಿ, ದೂರದಿಂದಲೇ ಇದು ಯಾವ ಜಾಲಿ ಅಂತ ಹೇಳುತ್ತಾನೆ. ಅಂದಾಜು ಪಟ್ಟಿ ಬರೆಯುವವರಿಗೆ ಮಾತ್ರ ಅದು ಗೊತ್ತಿರಲ್ಲ, ಗೊತ್ತು ಮಾಡಿಕೊಳ್ಳಬೇಕು ಅಂತಲೂ ಅನಿಸಲ್ಲ.

ಮೊದಲು ಹೆಸರಿನ ಕತೆ. ನಮ್ಮ ಜಿಲ್ಲೆ ಒಡೆದು 2021ರಲ್ಲಿ ವಿಜಯನಗರ ಆಯಿತು, ಈ ಗಿಡ ಮಾತ್ರ ಹಳೇ ಜಿಲ್ಲೆಯ ಹೆಸರನ್ನೇ ಹೊತ್ತುಕೊಂಡು ನಿಂತಿದೆ. ಬಳ್ಳಾರಿಗೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗ. 1870ರ ದಶಕದಲ್ಲಿ, ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಆ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಬರಡು ಸೀಮೆಗೆ ಸೌದೆ ಆಗಲಿ ಅಂತ ಬೀಜ ತರಿಸಲು ಬರೆದರು. ಸರ್ಕಾರದವರು ಹೆಲಿಕಾಪ್ಟರಿನಿಂದ ಬೀಜ ಚೆಲ್ಲಿದರು ಅಂತ ಕಟ್ಟೆ ಮೇಲೆ ಹೇಳುವವರಿಗೆ ಇಷ್ಟು ಹೇಳಿ: ಈ ಗಿಡ ಭಾರತಕ್ಕೆ ಬಂದಾಗ ವಿಮಾನವೇ ಹುಟ್ಟಿರಲಿಲ್ಲ. ಆಮೇಲೆ ಅದನ್ನು ಹರಡಿದ್ದು ನಮ್ಮವೇ ಆಡು, ಕುರಿ, ದನ. ಸಿಹಿ ಕಾಯಿ ತಿಂದವು, ಗಟ್ಟಿ ಬೀಜವನ್ನು ಹಿಕ್ಕೆಯಲ್ಲಿ, ಸಗಣಿಯಲ್ಲಿ ಹಾಕಿದವು.

ಈಗ ಗುರುತು ಹಿಡಿಯೋದು. ಮುತ್ತುಗ, ಬೂರುಗ ಹೂ ಬಿಟ್ಟಾಗ ಯಾರೂ ತಪ್ಪೋದಿಲ್ಲ. ಜಾಲಿಗಳಲ್ಲಿ ಎಲ್ಲರೂ ಎಡವುತ್ತಾರೆ, ಆದರೆ ಈ ಕಾಲದಲ್ಲಿ ಅದೂ ಸುಲಭ. ಮರದಲ್ಲಿರುವ ಕಾಯಿ ನೋಡಿ. ಕರಿಜಾಲಿ ಕಾಯಿ ಮಣಿಸರದ ಹಾಗೆ, ಬೀಜ ಬೀಜದ ನಡುವೆ ದಾರದಿಂದ ಬಿಗಿದಂತೆ ಸಣ್ಣಗಾಗಿರುತ್ತದೆ, ಮೈಮೇಲೆ ಬೂದಿ ಬಳಿದಂತೆ ನುಣುಪು. ಬಳ್ಳಾರಿ ಜಾಲಿಯದು ಉದ್ದ, ಹಣ್ಣಾದಾಗ ಹಳದಿ, ಅಂಚು ಹೆಚ್ಚೂಕಮ್ಮಿ ನೇರ. ಬಿಳಿಜಾಲಿಯದು ಚಪ್ಪಟೆ, ಸ್ವಲ್ಪ ಬಾಗಿದ್ದು. ಹೂವು ಸಿಕ್ಕರೆ ಇನ್ನೂ ಸಲೀಸು. ಕರಿಜಾಲಿ, ಬಿಳಿಜಾಲಿ ಎರಡಕ್ಕೂ ಹೂವು ಉಂಡೆ, ಬಳ್ಳಾರಿ ಜಾಲಿಗೆ ಬೆರಳುದ್ದದ ತೆನೆ. ಕಾಂಡವೂ ಹೇಳುತ್ತದೆ. ಕರಿಜಾಲಿ ತೊಗಟೆ ಕಪ್ಪಗೆ ಬಿರುಕು ಬಿಟ್ಟಿರುತ್ತದೆ, ಬಿಳಿಜಾಲಿಯದು ಹೆಸರೇ ಹೇಳುವಂತೆ ಬೆಳ್ಳಗೆ, ಬಳ್ಳಾರಿ ಜಾಲಿ ಬಹುಪಾಲು ಬುಡದಿಂದಲೇ ಕವಲೊಡೆದು ಪೊದೆಯಾಗಿರುತ್ತದೆ.

ನಿಜವಾಗಿ ಕಷ್ಟ ಇರೋದು ಬನ್ನಿಯಲ್ಲಿ. ದಸರೆಗೆ ನಾವು ಕೈಮುಗಿಯುವ ಶಮಿ, ನಾವು ಬೈಯುವ ಬಳ್ಳಾರಿ ಜಾಲಿ, ಇಬ್ಬರೂ ದಾಯಾದಿಗಳು. ಸಸ್ಯಶಾಸ್ತ್ರದವರು ಬಹಳ ಕಾಲ ಎರಡನ್ನೂ ಪ್ರೊಸೋಪಿಸ್ ಅನ್ನುವ ಒಂದೇ ಕುಲದಲ್ಲಿ ಇಟ್ಟಿದ್ದರು. ಎರಡಕ್ಕೂ ತೆನೆ ಹೂವೇ. ವ್ಯತ್ಯಾಸ ಮುಳ್ಳಲ್ಲಿದೆ. ಬಳ್ಳಾರಿ ಜಾಲಿಗೆ ಎಲೆ ಹುಟ್ಟುವ ಗೆಣ್ಣಿನಲ್ಲಿ ಉದ್ದ ಮುಳ್ಳು. ಬನ್ನಿಗೆ ಗೆಣ್ಣುಗಳ ನಡುವೆ ಗುಲಾಬಿ ಗಿಡದಂಥ ಗಿಡ್ಡ ಮುಳ್ಳು. ಊರ ಕಟ್ಟೆಯ ಬನ್ನಿಗಾದರೆ ಪೂಜೆ ಇದೆ, ಯಾರೂ ಮುಟ್ಟಲ್ಲ. ಹೊಲದ ಬದುವಿನ ಎಳೇ ಬನ್ನಿಗೆ ಯಾರು ದಿಕ್ಕು?

ಜಾಲಿ ಯಾವುದಾದರೇನು, ಮುಳ್ಳು ಮುಳ್ಳೇ ಅಲ್ವಾ ಅನ್ನುವವರು ಪಕ್ಕದ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರಕ್ಕೆ ಹೋಗಿ ಬರಲಿ. 98 ಹೆಕ್ಟೇರ್ ಚಿಲ್ಲರೆಯ ಕೆರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಅದೂ ಒಂದು. ಆ ಮರ್ಯಾದೆ ತಂದುಕೊಟ್ಟ ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆ ಗೂಡು ಕಟ್ಟೋದು ಎಲ್ಲಿ? ನೀರೊಳಗೆ ನಿಂತ ಕರಿಜಾಲಿ ಮರಗಳ ಮೇಲೆ. ತಿಂಗಳುಗಟ್ಟಲೆ ಬುಡ ನೀರಲ್ಲಿದ್ದರೂ ತಡೆದುಕೊಳ್ಳುವ ಮರ ಅದು. ಅಲ್ಲಿ ಯಾರಾದರೂ ಜಂಗಲ್ ಕಟಿಂಗ್ ಅಂತ ಒಂದು ಸಾಲು ಬರೆದಿದ್ದರೆ ರಾಮ್ಸರ್ ಎಲ್ಲಿರುತ್ತಿತ್ತು? ನಮ್ಮೂರ ಕೆರೆಗೆ ರಾಮ್ಸರ್ ಬರದೇ ಇರಬಹುದು. ಕೊಕ್ಕರೆಗೆ ಅದು ಬೇಕಾಗಿಯೂ ಇಲ್ಲ, ಮರ ಇದ್ದರೆ ಸಾಕು.

ಇನ್ನು ಫಾರಿನ್ ಅನ್ನೋ ಬೈಗುಳ. ಇದನ್ನು ಹಿಡಿದುಕೊಂಡು ಹೊರಟರೆ ಶಿವನ ಗುಡಿ ಮುಂದಿನ ನಾಗಲಿಂಗ ಪುಷ್ಪದ ಮರವನ್ನೂ ಕಡಿಯಬೇಕಾಗುತ್ತದೆ. ಅದು ದಕ್ಷಿಣ ಅಮೆರಿಕದ್ದು. ದೇವಗಣಗಲೆಯೂ ಅಮೆರಿಕ ಖಂಡದ್ದೇ. ಮಕ್ಕಳು ಕಲ್ಲು ಹೊಡೆದು ಉದುರಿಸುವ ಸೀಮೆಹುಣಸೆ ಮೆಕ್ಸಿಕೊದ್ದು, ಮೇ ತಿಂಗಳಲ್ಲಿ ರಸ್ತೆ ಕೆಂಪು ಮಾಡುವ ಗುಲ್‌ಮೊಹರ್ ಮಡಗಾಸ್ಕರ್‌ದು. ನಿತ್ಯ ಸಾರಿಗೆ ಹಾಕುವ ಹುಣಸೆಯ ಮೂಲ ಕೂಡ ಆಫ್ರಿಕಾ ಅಂತಾರೆ ತಿಳಿದವರು. ಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳ ಬಿಟ್ಟು ನಮ್ಮ ಕಡೆ ಒಕ್ಕಲುತನ ಉಳಿಯುತ್ತದೆಯೇ? ಇವು ಯಾವೂ ತಾವಾಗಿ ಕೆರೆ ನುಂಗಲಿಲ್ಲ. ಬಳ್ಳಾರಿ ಜಾಲಿ, ಕಾಂಗ್ರೆಸ್ ಗಿಡ, ಲಂಟಾನ ನುಂಗುತ್ತಿವೆ. ಹಾಗಾಗಿ ನಾವು ಕೇಳಬೇಕಾದ್ದು ಎಲ್ಲಿಂದ ಬಂತು ಅಂತಲ್ಲ, ಇಲ್ಲಿ ಏನು ಮಾಡುತ್ತಿದೆ ಅಂತ.

ಪ್ರಾಣಿಗಳ ವಿಷಯದಲ್ಲೂ ಇದೇ ಗೊಂದಲ. ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯದ ಆಚೆಯದು, ಆದರೆ ಅದನ್ನು ಯಾರೂ ತಂದು ಬಿಟ್ಟಿಲ್ಲ, ತಾನೇ ಬಂದು ಬೇಸಿಗೆಗೆ ಮೊದಲು ತಾನೇ ಹೋಗುತ್ತದೆ. ಅದು ನೆಂಟ. ಜಿಲೇಬಿ ಮೀನು ಹಾಗಲ್ಲ. ಆಫ್ರಿಕಾದ ಅದನ್ನು 1952ರಲ್ಲಿ ನಮ್ಮ ದೇಶಕ್ಕೆ ತಂದು ಬಿಟ್ಟರು, ಮತ್ತೆ ವಾಪಸ್ ಹೋಗಲಿಲ್ಲ.

ಬಳ್ಳಾರಿ ಜಾಲಿಯ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಗ್ಯಾಸ್ ಬರುವ ಮುಂಚೆ, ಬಂದ ಮೇಲೂ ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ಮನೆಗಳಲ್ಲಿ, ಒಲೆ ಉರಿದಿದ್ದು ಅದರಿಂದ. ಇದ್ದಿಲು ಸುಟ್ಟು ಬದುಕಿದ ಕುಟುಂಬಗಳಿವೆ. ಹಾಗಂತ ಅದು ಸಾಧು ಅಲ್ಲ. ಬೇರೆ ಮೇವಿಲ್ಲದೆ ಬಹಳ ದಿನ ಅದರ ಕಾಯಿಯನ್ನೇ ತಿಂದ ದನಕ್ಕೆ ದವಡೆಯ ನರ ಸೊರಗಿ ಅಗಿಯಲಾಗದ ಕಾಯಿಲೆ ಬರುತ್ತದೆ. ತೆಗೆಯುವುದಾದರೆ ತೆಗೆಯಿರಿ, ಆದರೆ ಸೌದೆ ಊರಿನ ಬಡವರಿಗೆ ಹೋಗಲಿ, ಗುತ್ತಿಗೆದಾರನ ಲಾರಿಗಲ್ಲ. ಮತ್ತೆ ನೆಲಮಟ್ಟಕ್ಕೆ ಕತ್ತರಿಸಿ ಬಿಲ್ ಮಾಡಬೇಡಿ. ಬುಡ ನೆಲದಲ್ಲಿ ಉಳಿದರೆ ಒಂದಿದ್ದ ಕಾಂಡ ಹತ್ತಾಗಿ ಚಿಗುರುತ್ತದೆ, ಮುಂದಿನ ವರ್ಷ ಮತ್ತೊಂದು ಅಂದಾಜು ಪಟ್ಟಿ. ಕೆಲವರಿಗೆ ಬೇಕಾದದ್ದೂ ಅದೇ ಇರಬಹುದು.

ಮರದ ಹೆಸರು ಬರೆಯೋದು ನಮ್ಮ ಹುಚ್ಚಲ್ಲ, ಕಾನೂನಿನ ಮಾತು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಕೇಳುತ್ತದೆ, ವಿನಾಯಿತಿ ಕೊಡುವಾಗ ನೀಲಗಿರಿ, ಸಿಲ್ವರ್ ಓಕ್ ಅಂತ ಜಾತಿಯ ಹೆಸರು ಹೇಳಿ ಕೊಡುತ್ತದೆ. ಹೆಸರೇ ಇಲ್ಲದ ಜಂಗಲ್‌ಗೆ ಯಾವ ವಿನಾಯಿತಿ? 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ಹಕ್ಕಿಗಳನ್ನು ಜನರನ್ನು ಕೇಳಿ ಬರೆದ ದಾಖಲಾತಿ ಇಡಬೇಕು. ಹಸಿರು ನ್ಯಾಯಮಂಡಳಿ ಇದಕ್ಕೆ 2020ರ ಜನವರಿ 31ರ ಗಡುವು ಕೊಟ್ಟಿತ್ತು, ತಪ್ಪಿದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ದಂಡ ಅಂದಿತ್ತು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ಕೇಳಿ ನೋಡಿ. ಸಿಕ್ಕರೆ ಅದರಲ್ಲಿ ಕರಿಜಾಲಿ ಇದೆಯಾ, ಎಷ್ಟು ಕುರಿಗಾಹಿಗಳನ್ನು ಕೇಳಿ ಬರೆದಿದ್ದಾರೆ ಅಂತ ಓದಿ. ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಹೊಡೆದು ಲ್ಯಾಟಿನ್ ಹೆಸರು ತುಂಬಿಸಿದ್ದರೆ ಅದು ನಮ್ಮೂರ ದಾಖಲಾತಿ ಅಲ್ಲ.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ. ಅಂದಾಜು ಪಟ್ಟಿಯಲ್ಲಿ ಜಂಗಲ್ ಅನ್ನೋ ಪದ ಹೊಡೆದು ಹಾಕಿ ಮರದ ಹೆಸರು, ಸಂಖ್ಯೆ ಬರೆಯಿರಿ. ಜೆಸಿಬಿ ಕೆರೆಗೆ ಇಳಿಯುವ ಹಿಂದಿನ ದಿನ ಒಬ್ಬ ಕುರಿಗಾಹಿಗೆ ಕೂಲಿ ಕೊಟ್ಟು ಕರೆಸಿ, ಉಳಿಯಬೇಕಾದ ಮರಕ್ಕೆ ಸುಣ್ಣ ಹಚ್ಚಿಸಿ. ಕರಿಜಾಲಿ ಕಾಯಿ ಮೇ ತಿಂಗಳವರೆಗೂ ಉದುರುತ್ತಿರುತ್ತದೆ. ಆಡಿನ ಹಟ್ಟಿ ಗುಡಿಸಿದಾಗ ಸಿಗುವ ಬೀಜ ಸಲೀಸಾಗಿ ಮೊಳೆಯುತ್ತದೆ. ಬಳ್ಳಾರಿ ಜಾಲಿ ಕಿತ್ತ ಜಾಗದಲ್ಲಿ ಮೊದಲ ಮಳೆಗೆ ಅದನ್ನೇ ಊರಿ.