ಉತ್ತರವು ಯಾರದು?

1948ರವರೆಗೆ ನಡೆದ ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದೂ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯು ಈ ಸೀಮೆಯಲ್ಲಿ ಮನೆಮಾತಾಗಿದೆ. ಆ ಸಾಹಸವು ಯಾತಕ್ಕಾಗಿ? ಮಗುವು ತನ್ನ ಮನದೊಳಗಿನದನ್ನು ತನ್ನ ನುಡಿಯಲ್ಲಿ ಹೇಳಲೆಂದಲ್ಲವೆ? ಇಂದು ಫಲಕವೂ ಕನ್ನಡದ್ದೇ. ಆದರೂ ಎಷ್ಟೋ ಶಾಲೆಗಳಲ್ಲಿ ಉಪಾಧ್ಯಾಯರು ಉತ್ತರವನ್ನು ಹೇಳಿ ಬರೆಯಿಸುವರು, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುವರು. ಬೀದರದ ಕೋಟೆಯನ್ನು ಕುರಿತು ಬರೆಯೆಂದರೆ, ದಿನವೂ ಅದನ್ನು ಕಾಣುವ ಹುಡುಗನೂ ಗೈಡಿನ ನಾಲ್ಕು ಸಾಲುಗಳನ್ನೇ ಇಳಿಸುವನು! ಔರಾದಿನಲ್ಲಿ ಮರಾಠಿ ಮನೆಯಿಂದ ಕನ್ನಡ ಶಾಲೆಗೆ ಬರುವ ಮಗುವಿಗಂತೂ ಆ ಸಾಲುಗಳ ನುಡಿಯೂ ತನ್ನದಲ್ಲ, ವಿಚಾರವೂ ತನ್ನದಲ್ಲ.

ಪರೀಕ್ಷೆಯಿರುವಾಗ ಬೇರೆ ದಾರಿಯೇನೆಂದು ಕೆಲವರು ಕೇಳುವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ಯಲ್ಲಿ ಮಗುವು ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು ತನ್ನ ವೇಗದಲ್ಲಿ ಮೆಟ್ಟಿಲೇರುವುದು. ಆದರೆ ಅದು ಮೂರನೆಯ ತರಗತಿಗೇ ಮುಗಿಯಿತು. ನಡೆಯಲು ಕಲಿತವನನ್ನು ಪುನಃ ತೊಟ್ಟಿಲಲ್ಲಿ ಮಲಗಿಸುವುದು ಯಾವ ಶಿಕ್ಷಣವು? ನಾಲ್ಕನೆಯ ತರಗತಿಯಿಂದ ಮುಂದೆಯೂ ವಾರಕ್ಕೆ ಒಂದು ಪ್ರಶ್ನೆಯನ್ನಾದರೂ ಮಕ್ಕಳೇ ಹೂಡಲಿ, ಉತ್ತರವನ್ನೂ ಅವರೇ ಹುಡುಕಲಿ. ಅದರಲ್ಲಿ ತಪ್ಪುಗಳಿರುವುವು, ನಿಜ. ಆಗ ಅಂಕವು ಇಳಿಯಿತೆಂದು ಪಾಲಕರು ಮಾಸ್ತರರನ್ನು ದೂರದಿರಬೇಕು. ಮಾಸ್ತರರಿಗಿಂತ ಪಾಲಕರಿಗೇ ಈ ವ್ರತವು ಕಠಿನವು.