ಎಂಜಿನ್‌ನ ಮೂಗು ಬದಲಿಸುವ ಮುನ್ನ

ಕಾರಿನ ಹುಚ್ಚು ಹತ್ತಿದವರು ಮೊದಲು ಕೈ ಹಾಕೋದು ಏರ್ ಫಿಲ್ಟರ್‌ಗೇ. ಕಾರಣ ಸರಳ. ಟರ್ಬೊ ಹಾಕಿಸೋಕೆ ಸಾವಿರಾರು ಡಾಲರ್ ಬೇಕು. ಸಸ್ಪೆನ್ಷನ್ ಮುಟ್ಟೋಕೆ ಜ್ಯಾಕು, ಸ್ಟ್ಯಾಂಡು, ಧೈರ್ಯ ಮೂರೂ ಬೇಕು. ಏರ್ ಇನ್‌ಟೇಕ್ ಹಾಗಲ್ಲ, ಬಾನೆಟ್ ಎತ್ತಿದರೆ ಕಣ್ಣೆದುರೇ ಇರುತ್ತೆ. ಸ್ಕ್ರೂಡ್ರೈವರ್, ಸಾಕೆಟ್ ಸೆಟ್, ಒಂದು ಭಾನುವಾರದ ಬೆಳಿಗ್ಗೆ ಇದ್ದರೆ ಸಾಕು. ಮಾರುವವರು ಡಬ್ಬದ ಮೇಲೆ ‘ಹೆಚ್ಚು ಪವರ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಇನ್ನೇನು ಬೇಕು?

ನನ್ನದು 2015ರ ಸುಬಾರು ಬಿಆರ್‌ಝಡ್, ಸೆಕೆಂಡ್ ಹ್ಯಾಂಡ್. ಎರಡು ಬಾಗಿಲು, ಹಿಂದಿನ ಚಕ್ರಕ್ಕೆ ಪವರ್, ಎರಡು ಲೀಟರ್ ಎಂಜಿನ್, 200 ಹಾರ್ಸ್‌ಪವರ್. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ವಾರವಿಡೀ ಕೋಡ್ ಬರೆದು, ಶನಿವಾರ ಸಾರಟೋಗಾದಿಂದ ಹೈವೇ 9ರ ತಿರುವುಗಳಲ್ಲಿ ಬೆಟ್ಟ ಹತ್ತೋದು ನನಗೆ ದೇವಸ್ಥಾನಕ್ಕೆ ಹೋಗಿ ಬಂದಷ್ಟು ಸಮಾಧಾನ. ಇದಕ್ಕೆ ಹೊಸ ಇನ್‌ಟೇಕ್ ಹಾಕ್ತೀನಿ ಅಂದಾಗ ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ: “ನಾಲ್ಕು ತಿಂಗಳಲ್ಲಿ ಸ್ಮಾಗ್ ಟೆಸ್ಟ್ ಇದೆ, ಗೊತ್ತು ತಾನೆ?”

ಗೊತ್ತಿತ್ತು. ಇಲ್ಲಿ ಸ್ವಲ್ಪ ವಯಸ್ಸಾದ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ ಕಡ್ಡಾಯ. ಫೇಲಾದರೆ ರಿಜಿಸ್ಟ್ರೇಷನ್ ನವೀಕರಣ ಇಲ್ಲ. ಹಾಗಾಗಿ ಕಾರ್ಡ್ ಉಜ್ಜುವ ಮೊದಲು ಎರಡು ವಾರ ಕೂತು ಓದಿದೆ, ಲೆಕ್ಕ ಹಾಕಿದೆ. ಆ ಲೆಕ್ಕವೇ ಈ ಸಲದ ಅಂಕಣ.

ಎಂಜಿನ್ ಅಂದರೆ ಮೂಲತಃ ಒಂದು ಗಾಳಿ ಪಂಪು. ಎರಡು ಲೀಟರ್ ಎಂಜಿನ್ ಪ್ರತಿ ಎರಡು ಸುತ್ತಿಗೆ ಹೆಚ್ಚುಕಡಿಮೆ ಎರಡು ಲೀಟರ್ ಗಾಳಿ ಎಳೆದುಕೊಳ್ಳುತ್ತೆ. ನಿಮಿಷಕ್ಕೆ 7000 ಸುತ್ತು ತಿರುಗಿದರೆ 7000 ಲೀಟರ್. ಊರಲ್ಲಿ ಮನೆ ಮೇಲಿರೋ ಸಾವಿರ ಲೀಟರ್ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ, ಅಂಥ ಏಳು ಟ್ಯಾಂಕ್ ಗಾಳಿ ಒಂದೇ ನಿಮಿಷದಲ್ಲಿ! ತೂಕದಲ್ಲಿ ಸುಮಾರು ಎಂಟು ಕಿಲೋ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ 14.7 ಗ್ರಾಂ ಗಾಳಿ ಬೇಕು. ಅಂದರೆ ಎಂಜಿನ್ನಿಗೆ ಮುಖ್ಯ ಊಟ ಗಾಳಿಯೇ, ಪೆಟ್ರೋಲ್ ಉಪ್ಪಿನಕಾಯಿ ಇದ್ದ ಹಾಗೆ.

ಹಾಗಾದರೆ ಗಾಳಿಯ ದಾರಿ ದೊಡ್ಡದು ಮಾಡಿದರೆ ಪವರ್ ಜಾಸ್ತಿ ಆಗಲೇಬೇಕಲ್ಲ? ತರ್ಕ ಸರಿ, ಪ್ರಮಾಣ ನೋಡಬೇಕು. ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿಯನ್ನು ಒಳಗೆ ನೂಕೋದು ವಾತಾವರಣದ ಒತ್ತಡ, ಅದು ಸುಮಾರು 101 ಕಿಲೋಪಾಸ್ಕಲ್. ಕಂಪನಿಯ ಫಿಲ್ಟರ್ ಮತ್ತು ಪೈಪು ಸೇರಿ ಅದರಲ್ಲಿ ಎರಡು ಕಿಲೋಪಾಸ್ಕಲ್ ತಿಂದು ಹಾಕುತ್ತವೆ ಅಂತಲೇ ಇಟ್ಟುಕೊಳ್ಳೋಣ. ಅಡ್ಡಿಯನ್ನೆಲ್ಲ ಕಿತ್ತೆಸೆದರೂ ಸಿಗೋದು ಎರಡು ಪರ್ಸೆಂಟ್, 200ಕ್ಕೆ ನಾಲ್ಕು ಹಾರ್ಸ್‌ಪವರ್. ಫಿಲ್ಟರ್ ಬದಲಿಸಿದರೆ ಅಡ್ಡಿ ಪೂರ್ತಿ ಹೋಗೋದಿಲ್ಲ, ಸ್ವಲ್ಪ ಕಮ್ಮಿ ಆಗುತ್ತೆ ಅಷ್ಟೇ.

ಇನ್ನೊಂದು ಲೆಕ್ಕವೂ ಇದೆ. ಗಾಳಿ ಬಿಸಿಯಾದರೆ ಹಗುರವಾಗುತ್ತೆ. ಸಾಧಾರಣ ಹವೆಯಲ್ಲಿ ಮೂರು ಡಿಗ್ರಿ ಸೆಲ್ಸಿಯಸ್ ಏರಿದರೆ ಸಾಂದ್ರತೆ ಸುಮಾರು ಒಂದು ಪರ್ಸೆಂಟ್ ಇಳಿಯುತ್ತೆ. ಕಂಪನಿಯವರ ಕಪ್ಪು ಪ್ಲಾಸ್ಟಿಕ್ ಡಬ್ಬ ನೋಡೋಕೆ ದರಿದ್ರವಾಗಿದ್ದರೂ ಅದು ಗ್ರಿಲ್ ಹಿಂದಿನಿಂದ ತಣ್ಣನೆ ಗಾಳಿ ಎಳೆಯುತ್ತೆ. ಅದನ್ನು ಕಿತ್ತು ಎಂಜಿನ್ ಪಕ್ಕದಲ್ಲಿ ತೆರೆದ ಶಂಕುವಿನಾಕಾರದ ಫಿಲ್ಟರ್ ನಿಲ್ಲಿಸಿದರೆ, ಸಿಗ್ನಲ್‌ನಲ್ಲಿ ನಿಂತಾಗ ಅದು ಕುಡಿಯೋದು ರೇಡಿಯೇಟರ್‌ನ ಬಿಸಿ ಉಸಿರು. ಹತ್ತು ಡಿಗ್ರಿ ಏರಿದರೆ ಮೂರು ಪರ್ಸೆಂಟ್ ಹೋಯಿತು. ಎಡಗೈಲಿ ಗಳಿಸಿದ್ದು ಬಲಗೈಲಿ ಕಳೆದ ಹಾಗೆ.

ವಾರದ ಫೋನ್‌ನಲ್ಲಿ ಅಪ್ಪನಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಅಪ್ಪ ರಾಣೆಬೆನ್ನೂರಿನ ಹತ್ತಿರ ಹೊಲ ಮಾಡಿಕೊಂಡವರು. ಹಳೇ ಮ್ಯಾಸ್ಸಿ ಟ್ರ್ಯಾಕ್ಟರ್ ಇಟ್ಟುಕೊಂಡು ಜೀವನ ಪೂರ್ತಿ ಅದರ ರಿಪೇರಿ ತಾವೇ ಮಾಡಿದವರು. ಎಲ್ಲ ಕೇಳಿ ಅವರಂದರು: “ಗಾಳಿ ಎಷ್ಟ್ ಹೊಕ್ಕೈತಿ ಅಂತ ನೋಡಬ್ಯಾಡವ್ವಾ, ಧೂಳ ಎಷ್ಟ್ ಹೊಕ್ಕೈತಿ ಅದನ್ನ ನೋಡು.”

ಆ ಟ್ರ್ಯಾಕ್ಟರ್‌ನಲ್ಲಿ ಇರೋದು ಎಣ್ಣೆ ಬಟ್ಟಲಿನ ಫಿಲ್ಟರ್. ಗಾಳಿ ನಡುವಿನ ಕೊಳವೆಯಲ್ಲಿ ಕೆಳಗಿಳಿದು, ಬಟ್ಟಲಿನ ಎಣ್ಣೆಯ ಮೇಲೆ ಗಕ್ಕನೆ ತಿರುಗಿ ಮೇಲೇಳುತ್ತೆ. ಭಾರದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತೆ, ಸಣ್ಣದು ಮೇಲಿನ ಎಣ್ಣೆ ಹತ್ತಿದ ಜಾಲರಿಗೆ ಅಂಟುತ್ತೆ. ಬಿತ್ತನೆ ಕಾಲದಲ್ಲಿ ಅಪ್ಪ ಬಟ್ಟಲು ಬಿಚ್ಚಿದರೆ ಒಳಗೆ ಕಪ್ಪು ಕೆಸರು ಇರುತ್ತಿತ್ತು. ಆ ಕೆಸರು ಸಿಲಿಂಡರ್‌ಗೆ ಹೋಗಿದ್ದರೆ? ಧೂಳು ಅಂದರೆ ಬಹುಪಾಲು ಮರಳಿನ ಪುಡಿ. ಅದು ಎಣ್ಣೆಯ ಜೊತೆ ಸೇರಿದರೆ ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ಮರಳು ಕಾಗದ ಉಜ್ಜಿದ ಹಾಗೆ.

ಅಂಗಡಿಯಲ್ಲಿ ಸಿಗೋ ತೊಳೆದು ಮತ್ತೆ ಬಳಸುವ ಹತ್ತಿಯ ಫಿಲ್ಟರ್ ಕೂಡ ಇದೇ ತತ್ವದ್ದು. ಹತ್ತಿ ಬಟ್ಟೆಯ ಪದರಗಳಿಗೆ ಎಣ್ಣೆ ಹಚ್ಚಿರುತ್ತಾರೆ, ಧೂಳು ಎಣ್ಣೆಗೆ ಅಂಟಿಕೊಳ್ಳುತ್ತೆ. ಕಾಗದದ ಫಿಲ್ಟರ್ ಮಾತ್ರ ಸಣ್ಣ ರಂಧ್ರಗಳಿಂದಲೇ ಸೋಸುತ್ತೆ. ಫಿಲ್ಟರ್ ಎಷ್ಟು ಸೋಸುತ್ತೆ ಅಂತ ಅಳೆಯೋಕೆ ಐಎಸ್‌ಒ 5011 ಅನ್ನೋ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನ ಇದೆ. ಕೊಳ್ಳುವ ಮೊದಲು ಹಾರ್ಸ್‌ಪವರ್ ಎಷ್ಟು ಅಂತ ಕೇಳುವ ಬದಲು ಈ ಪರೀಕ್ಷೆಯಲ್ಲಿ ಎಷ್ಟು ಅಂತ ಕೇಳಿ. ಉತ್ತರ ಕೊಡದ ತಯಾರಕರನ್ನು ನಾನಂತೂ ಪಟ್ಟಿಯಿಂದ ಹೊಡೆದು ಹಾಕಿದೆ.

ಇನ್ನು ಸ್ಮಾಗ್ ವಿಷಯ. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಮೇಲೆ ಕಣ್ಣುರಿಯುವ ಮಬ್ಬು ಕವಿದಿತ್ತು. ಅದರ ಗುಟ್ಟು ಬಿಡಿಸಿದ್ದು ಕ್ಯಾಲ್ಟೆಕ್‌ನ ರಸಾಯನ ವಿಜ್ಞಾನಿ ಏರಿ ಹಾಗೆನ್-ಸ್ಮಿಟ್. ಅನಾನಸ್ ಹಣ್ಣಿನ ಪರಿಮಳ ಅಧ್ಯಯನ ಮಾಡ್ತಿದ್ದವರು, ವಾಹನಗಳ ಹೊಗೆ ಬಿಸಿಲಿನಲ್ಲಿ ಓಜೋನ್ ಆಗಿ ಬದಲಾಗೋದನ್ನ 1950ರ ದಶಕದ ಆರಂಭದಲ್ಲಿ ತೋರಿಸಿದರು. ಮುಂದೆ ಇದೇ ರಾಜ್ಯದ ವಾಯು ಸಂಪನ್ಮೂಲ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರೂ ಆದರು. ಆ ಮಂಡಳಿಯ ನಿಯಮದ ಪ್ರಕಾರ, ಇನ್‌ಟೇಕ್ ಬದಲಿಸುವ ಕಿಟ್‌ಗೆ ಅವರು ಪರೀಕ್ಷಿಸಿ ಕೊಟ್ಟ ಎಕ್ಸಿಕ್ಯೂಟಿವ್ ಆರ್ಡರ್ ಸಂಖ್ಯೆ ಇರಬೇಕು. ಅದೂ ನಿಮ್ಮ ಮಾಡೆಲ್‌ಗೆ, ನಿಮ್ಮ ಕಾರಿನ ವರ್ಷಕ್ಕೆ ಅನ್ವಯಿಸಬೇಕು. ಕಂಪನಿಯ ಡಬ್ಬದೊಳಗೇ ಕೂರುವ ಬದಲಿ ಫಿಲ್ಟರ್‌ಗೆ ಇದರ ತಲೆನೋವಿಲ್ಲ.

ಗಾಳಿ ಒಳಗೆ ಬರೋದಕ್ಕೂ ಹೊಗೆ ಹೊರಗೆ ಹೋಗೋದಕ್ಕೂ ಏನು ಸಂಬಂಧ? ಫಿಲ್ಟರ್ ದಾಟಿದ ತಕ್ಷಣ ಮಾಸ್ ಏರ್‌ಫ್ಲೋ ಸೆನ್ಸರ್ ಇರುತ್ತೆ. ಬಿಸಿ ಮಾಡಿದ ಒಂದು ಪುಟ್ಟ ತಂತಿಯನ್ನು ಗಾಳಿ ಎಷ್ಟು ತಣ್ಣಗೆ ಮಾಡುತ್ತೆ ಅನ್ನೋದರ ಮೇಲೆ ಒಟ್ಟು ಗಾಳಿ ಎಷ್ಟು ಅಂತ ಕಂಪ್ಯೂಟರ್ ಊಹಿಸುತ್ತೆ. ಆ ಊಹೆ ಕೊಳವೆಯ ಅಗಲವನ್ನು ನಂಬಿಕೊಂಡಿದೆ. ಅಗಲ ಬದಲಾದರೆ ಲೆಕ್ಕ ತಪ್ಪುತ್ತೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ, ಇನ್‌ಪುಟ್‌ನ ಯೂನಿಟ್ ಬದಲಿಸಿ ಕೋಡ್ ಹಾಗೇ ಬಿಟ್ಟಂತೆ. ಸಾಧಾರಣ ಓಟದಲ್ಲಿ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ತಿದ್ದಿಕೊಳ್ಳುತ್ತೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ತಿದ್ದುಪಡಿ ಅಷ್ಟಾಗಿ ನಡೆಯಲ್ಲ. ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಒಳಗೇ ಬಡಿದುಕೊಳ್ಳಬಹುದು.

ನನ್ನ ಸಹೋದ್ಯೋಗಿಯೊಬ್ಬರು ಕೊಂಡ ಹಳೇ ಕಾರಿನಲ್ಲಿ ಹಿಂದಿನ ಮಾಲೀಕ ಹಾಕಿಸಿದ್ದ ಥಳಥಳ ಹೊಳೆಯೋ ಇನ್‌ಟೇಕ್ ಇತ್ತು. ಕಂಪ್ಯೂಟರ್ ಪರೀಕ್ಷೆಯೇನೋ ಪಾಸಾಯಿತು. ಆದರೆ ಟೆಕ್ನೀಷಿಯನ್ ಬಾನೆಟ್ ಎತ್ತಿ ಕಣ್ಣಿಂದಲೂ ನೋಡ್ತಾರೆ. ಸಂಖ್ಯೆಯ ಚೀಟಿ ಇರಲಿಲ್ಲ, ಫೇಲ್. ಮೂಲ ಡಬ್ಬ ಹುಡುಕಿಕೊಂಡು ಅವರು ಗುಜರಿ ಯಾರ್ಡುಗಳನ್ನು ಸುತ್ತಿದರು.

ಆದ್ದರಿಂದ ನಾನು ಆರಿಸಿದ್ದು ಮುಚ್ಚಿದ ಡಬ್ಬ ಇರುವ, ನನ್ನ ಕಾರಿನ ವರ್ಷಕ್ಕೆ ಸಂಖ್ಯೆ ಇರುವ, ಕಂಪನಿಯ ಟ್ಯೂನ್‌ನಲ್ಲೇ ಓಡುವ ಕಿಟ್. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕಾರು ಬಿಚ್ಚೋ ಹಾಗಿಲ್ಲ. ಗೆಳತಿಯ ಮನೆಯ ಗರಾಜ್‌ನಲ್ಲಿ, ಗಂಡ ಟಾರ್ಚ್ ಹಿಡಿದು ನಿಂತು, ಕೆಲಸ ಶುರುವಾಯಿತು.

ಎಂಜಿನ್ ತಣ್ಣಗಿರಬೇಕು. ಮೊದಲು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಆಮೇಲೆ ಸೆನ್ಸರ್‌ನ ಪ್ಲಗ್, ಪೈಪಿನ ಕ್ಲಾಂಪು, ಡಬ್ಬದ ಬೋಲ್ಟು. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿಡಿ, ಪ್ರತಿ ಹಂತಕ್ಕೂ ಫೋಟೊ ತೆಗೆದುಕೊಳ್ಳಿ. ಡಬ್ಬ ಹೊರಬಂದ ಕೂಡಲೇ ಎಂಜಿನ್ ಕಡೆಯ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಒಂದು ಸ್ಕ್ರೂ ಒಳಗೆ ಬಿದ್ದರೆ ಭಾನುವಾರ ಹಾಳು, ಎಂಜಿನ್ನೂ ಹಾಳು. ಹೊಸದನ್ನು ಸೇರಿಸುವ ಮುಂಚೆ ಆ ಬಟ್ಟೆ ತೆಗೆಯಲು ಮರೆಯಬೇಡಿ, ತೆಗೆದಿದ್ದನ್ನು ಪಕ್ಕದಲ್ಲಿದ್ದವರಿಗೆ ತೋರಿಸಿ.

ಸೆನ್ಸರನ್ನು ಹಳೇ ಡಬ್ಬದಿಂದ ಹೊಸದಕ್ಕೆ ಬದಲಿಸುವಾಗ ತಂತಿಯ ಭಾಗಕ್ಕೆ ಬೆರಳು ತಾಕಬಾರದು, ಗಾಳಿಯ ದಿಕ್ಕಿನ ಬಾಣ ಸರಿಯಾಗಿರಬೇಕು. ಎಣ್ಣೆಯ ಫಿಲ್ಟರ್ ಆದರೆ ಎಣ್ಣೆ ಅತಿಯಾಗಬಾರದು, ಹಾರಿ ಬಂದು ಇದೇ ತಂತಿಗೆ ಮೆತ್ತಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯ, ಸೆನ್ಸರ್ ದಾಟಿದ ಮೇಲೆ ಎಲ್ಲೂ ಗಾಳಿ ನುಸುಳಬಾರದು. ಅದು ಅಳತೆಗೂ ಸಿಗದ, ಸೋಸಿಯೂ ಇರದ ಗಾಳಿ. ಎರಡು ಥರದಲ್ಲೂ ಕೆಟ್ಟದ್ದು. ಕ್ಲಾಂಪ್ ಗಟ್ಟಿಯಾಗಿರಲಿ, ಸಿಲಿಕೋನ್ ಪೈಪ್ ಕತ್ತರಿಸುವಷ್ಟು ಬೇಡ. ಕ್ರ್ಯಾಂಕ್‌ಕೇಸ್‌ನಿಂದ ಬರುವ ಸಣ್ಣ ಕೊಳವೆಯನ್ನೂ ಮರಳಿ ಸೇರಿಸಿ. ಸಂಖ್ಯೆಯ ಚೀಟಿಯನ್ನು ಬಾನೆಟ್ ಎತ್ತಿದರೆ ಕಾಣುವ ಜಾಗಕ್ಕೆ ಅಂಟಿಸಿ.

ಒಂದೂವರೆ ಗಂಟೆಯಲ್ಲಿ ಮುಗೀತು. ಸ್ಟಾರ್ಟ್ ಮಾಡಿ ಬುಸ್ ಅನ್ನೋ ಸದ್ದು ಎಲ್ಲಾದರೂ ಇದೆಯಾ ಅಂತ ಕಿವಿಗೊಟ್ಟೆವು, ಇರಲಿಲ್ಲ. ಬ್ಲೂಟೂತ್ ರೀಡರ್ ಸಿಕ್ಕಿಸಿ ಇಂಧನದ ತಿದ್ದುಪಡಿ ನೋಡಿದೆ. ಆಮೇಲಿನ ವಾರವೆಲ್ಲ ಓಡಿಸಿದರೂ ಐದು ಪರ್ಸೆಂಟ್ ಒಳಗೇ ಇತ್ತು. ಬ್ಯಾಟರಿ ಬಿಚ್ಚಿದಾಗ ಕಂಪ್ಯೂಟರ್‌ನ ಸ್ವಯಂ ಪರೀಕ್ಷೆಗಳು ಅಳಿಸಿಹೋಗಿರುತ್ತವೆ. ಅವು ಮತ್ತೆ ಪೂರ್ಣವಾಗೋ ತನಕ ಸ್ಮಾಗ್ ಟೆಸ್ಟ್‌ಗೆ ಹೋಗಬಾರದು. ನಾಲ್ಕು ತಿಂಗಳ ನಂತರ ಹೋದೆ. ಟೆಕ್ನೀಷಿಯನ್ ಚೀಟಿ ಓದಿದರು, ಪಾಸ್.

ಪವರ್? ಬೆಟ್ಟ ಹತ್ತುವಾಗ ನನ್ನ ಬೆನ್ನಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಸದ್ದು ಮಾತ್ರ ಬೇರೆಯೇ! 4000 ದಾಟಿದ ಮೇಲೆ ಎಂಜಿನ್ ಗಂಟಲು ಬಿಚ್ಚಿ ಹಾಡುತ್ತೆ. ಬೇಕಾಗಿದ್ದೂ ಅದೇ ಅಂತ ನನಗೆ ಮೊದಲೇ ಗೊತ್ತಿತ್ತು. ಸುಬಾರುದವರಿಗೂ ಗೊತ್ತು. ಇನ್‌ಟೇಕ್ ಸದ್ದನ್ನು ಡ್ರೈವರ್ ಕಿವಿಗೆ ತಲುಪಿಸೋಕೆ ಅಂತಲೇ ಈ ಕಾರಿನಲ್ಲಿ ಅವರೇ ಒಂದು ಕೊಳವೆ ಇಟ್ಟಿದ್ದಾರೆ. ಸದ್ದಿಗೆ ದುಡ್ಡು ಕೊಡೋದು ತಪ್ಪಲ್ಲ, ವೀಣೆಗೂ ಕೊಡ್ತೀವಲ್ಲ. ಪವರ್ ಅಂದುಕೊಂಡು ಕೊಟ್ಟರೆ ಮಾತ್ರ ಮೋಸ.

ಊರಲ್ಲಿ ಮಗ ಅಥವಾ ಮಗಳು ಇದೇ ಹಟ ಹಿಡಿದಿದ್ದರೆ ಮೂರು ಮಾತು. ನಮ್ಮ ರಸ್ತೆಗಳ ಧೂಳಿಗೆ ಸೋಸುವ ಶಕ್ತಿಯೇ ಮೊದಲು. ಬಂಪರ್ ಕೆಳಗೆ ಫಿಲ್ಟರ್ ಇಳಿಬಿಡುವ ಕಿಟ್ ಬೇಡವೇ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಕೆರೆಯಾಗಿದ್ದು ನೆನಪಿರಲಿ. ಗಾಳಿಯನ್ನು ಪಿಸ್ಟನ್ ಅಮುಕಬಲ್ಲದು, ನೀರನ್ನಲ್ಲ. ಒಂದು ಗುಟುಕು ನೀರು ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಮೂರನೆಯದು, ವಾಹನದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಿತಿ ಹಾಕುತ್ತೆ, ಅದನ್ನು ಓದಿಸಿ. ದಿನಬಳಕೆಯ ಕಾರಾದರೆ ಹೊತ್ತಿಗೆ ಸರಿಯಾಗಿ ಹೊಸ ಕಾಗದದ ಫಿಲ್ಟರ್ ಹಾಕಿಸಿ, ಅದೇ ಸಾಕು.

ಇಷ್ಟಾದ ಮೇಲೂ ಹಾಕಿಸ್ತೀವಿ ಅನ್ನೋರು ಕಂಪನಿಯ ಹಳೇ ಡಬ್ಬವನ್ನು ದಯವಿಟ್ಟು ಎಸೆಯಬೇಡಿ. ನಮ್ಮನೆಯಲ್ಲಿ ಅದು ದಸರಾ ಗೊಂಬೆಗಳ ಪೆಟ್ಟಿಗೆ ಪಕ್ಕದಲ್ಲಿ ಕೂತಿದೆ. ಕಾರು ಮಾರುವ ದಿನ ಕೊಳ್ಳುವವರ ಕೈಗೆ ಅದನ್ನೂ ಕೊಡಬೇಕು.